ಖಾಲಿ ಬಾಟಲಿ ಯಾರದು?

ಗೋಲಿ ಸೋಡದ ಅಂಗಡಿಗಳಲ್ಲಿ ಒಂದು ಅಲಿಖಿತ ನಿಯಮವಿತ್ತು. ಸೋಡ ಕುಡಿಯಬಹುದು, ಬಾಟಲಿಯನ್ನು ಒಯ್ಯುವಂತಿಲ್ಲ. ಗಿರಾಕಿ ದುಡ್ಡು ಕೊಟ್ಟು ಕೊಂಡದ್ದು ಒಳಗಿನ ಸೋಡವನ್ನು ಮಾತ್ರ. ಕತ್ತಿನಲ್ಲಿ ಗೋಲಿ ಸಿಕ್ಕಿಸಿಕೊಂಡ ಆ ದಪ್ಪ ಗಾಜಿನ ಬಾಟಲಿ ಸೋಡ ತಯಾರಿಸಿದವನದೇ. ಮನೆಗೆ ಒಯ್ಯಲೇಬೇಕೆಂದರೆ ಅಂಗಡಿಯವರ ಬಳಿ ಒಂದಿಷ್ಟು ಹಣವನ್ನು ಇಟ್ಟು ಹೋಗಬೇಕು. ಬಾಟಲಿ ಮರಳಿದಾಗ ಹಣವೂ ಮರಳುತ್ತದೆ. ಇಂಗ್ಲೆಂಡಿನ ಹಿರಾಮ್ ಕಾಡ್ ಎಂಬ ಎಂಜಿನಿಯರ್ 1870ರ ದಶಕದಲ್ಲಿ ರೂಪಿಸಿದ ಈ ಬಾಟಲಿ ತನ್ನ ಹುಟ್ಟೂರಿನಿಂದ ಎಂದೋ ಮಾಯವಾದರೂ ನಮ್ಮ ಊರುಗಳ ಜಾತ್ರೆ, ಸಂತೆ, ಉರೂಸುಗಳಲ್ಲಿ ಬಹುಕಾಲ ಉಳಿಯಿತು. ಆಮೇಲೆ ಬಂದ ಗೋಲ್ಡ್ ಸ್ಪಾಟ್, ಲಿಮ್ಕಾ, ಥಮ್ಸ್ ಅಪ್‌ಗಳ ಗಾಜಿನ ಬಾಟಲಿಗಳೂ ಇದೇ ನಿಯಮಕ್ಕೆ ಒಳಪಟ್ಟಿದ್ದವು. ತುಂಬಿದ ಕ್ರೇಟು ಬಂದ ಲಾರಿಯಲ್ಲೇ ಖಾಲಿ ಕ್ರೇಟು ಹಿಂದಿರುಗುತ್ತಿತ್ತು.

ಈ ವ್ಯಾಪಾರದಲ್ಲಿ ಎರಡು ವ್ಯವಹಾರಗಳು ಒಟ್ಟಿಗೆ ನಡೆಯುತ್ತಿದ್ದವು. ಒಂದು ಮಾರಾಟ, ಇನ್ನೊಂದು ಎರವಲು. ಹಣ ಕೈ ಬದಲಾದ ಕ್ಷಣಕ್ಕೆ ಮಾರಾಟ ಮುಗಿಯುತ್ತದೆ. ಎರವಲು ಹಾಗಲ್ಲ, ವಸ್ತು ಒಡೆಯನ ಕೈ ಸೇರುವ ತನಕ ಕೊಟ್ಟವನಿಗೂ ಪಡೆದವನಿಗೂ ನಡುವೆ ಒಂದು ಸಂಬಂಧ ಉಳಿದೇ ಇರುತ್ತದೆ. ಹಳೆಯ ಸೋಡ ಮಾಲೀಕ ದೊಡ್ಡ ಪರಿಸರವಾದಿಯೇನೂ ಆಗಿರಲಿಲ್ಲ. ಒಳಗಿನ ಸೋಡಕ್ಕಿಂತ ಹೊರಗಿನ ಬಾಟಲಿಗೆ ಬೆಲೆ ಹೆಚ್ಚು ಎಂಬ ಲೆಕ್ಕ ಅವನಿಗೆ ಗೊತ್ತಿತ್ತು, ಅಷ್ಟೆ. ಆದರೆ ಆ ಲೆಕ್ಕಾಚಾರದಿಂದಲೇ ಒಂದು ಒಳ್ಳೆಯ ಫಲ ಹುಟ್ಟಿತ್ತು. ಖಾಲಿ ಬಾಟಲಿಗೆ ಸದಾ ಒಬ್ಬ ಒಡೆಯನಿರುತ್ತಿದ್ದ. ಒಡೆಯನಿರುವ ವಸ್ತು ಕಸವಾಗುವುದಿಲ್ಲ.

ಇಂದು ನಾವು ಕೊಳ್ಳುವ ನೀರಿನ ಬಾಟಲಿ, ಹಣ್ಣಿನ ರಸದ ಪೊಟ್ಟಣ, ತಂಪು ಪಾನೀಯದ ಡಬ್ಬಿಗಳಿಗೆ ಅಂತಹ ಒಡೆಯ ಯಾರು? ಸರಳವಾದ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ, ನೈತಿಕತೆಯ ದೊಡ್ಡದೊಂದು ಗೊಂದಲ ನಮ್ಮೆದುರು ತೆರೆದುಕೊಳ್ಳುತ್ತದೆ.

ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಪೊಟ್ಟಣದಲ್ಲಿ ಫ್ರೂಟಿ ನಮ್ಮಲ್ಲಿಗೆ ಬಂದದ್ದು 1985ರಲ್ಲಿ. ಅಮೆರಿಕದ ಡ್ಯುಪಾಂಟ್ ಕಂಪೆನಿಯ ನಥಾನಿಯಲ್ ವೈಯತ್ ಎಂಬ ತಂತ್ರಜ್ಞನಿಗೆ ಪೆಟ್ ಬಾಟಲಿಯ ಪೇಟೆಂಟ್ ದೊರೆತದ್ದು 1973ರಲ್ಲಿ. ನಮ್ಮ ದೇಶದಲ್ಲಿ ಅದು ಮನೆಮಾತಾದದ್ದು 1990ರ ದಶಕದ ಉದಾರೀಕರಣದ ನಂತರ. ಹಗುರ, ಒಡೆಯುವುದಿಲ್ಲ, ದೂರದ ಊರಿಗೆ ಸಾಗಿಸಲು ಸುಲಭ, ಖಾಲಿ ಕ್ರೇಟನ್ನು ಮರಳಿ ತರುವ ರಗಳೆಯಿಲ್ಲ. ಕಂಪೆನಿಗೆ ಅನುಕೂಲ, ಅಂಗಡಿಯವನಿಗೆ ಅನುಕೂಲ, ಕುಡಿಯುವ ನಮಗೂ ಅನುಕೂಲ. ಎಲ್ಲರಿಗೂ ಅನುಕೂಲವಾದ ಈ ಏರ್ಪಾಟಿನಲ್ಲಿ ಒಂದು ಸಣ್ಣ ಸಂಗತಿ ಯಾರ ಗಮನಕ್ಕೂ ಬಾರದೆ ನಡೆದುಹೋಯಿತು. ಎರವಲಾಗಿದ್ದ ಬಾಟಲಿ ಮಾರಾಟದ ವಸ್ತುವಾಯಿತು. ಕೊಂಡವರು ಅದರ ಒಡೆಯರಾದರು. ಯಾರಿಗೂ ಬೇಡವಾದ ಒಡೆತನವೊಂದನ್ನು ನಮಗೆ ಕೇಳದೆಯೇ ನಮ್ಮ ಕೈಗೆ ದಾಟಿಸಲಾಯಿತು.

ನೀರಿನ ಬಾಟಲಿಗಳ ಮೇಲೆ ಬಳಸಿದ ನಂತರ ಜಜ್ಜಿ ಹಾಕಿ ಎಂಬರ್ಥದ ಸೂಚನೆ ಇರುತ್ತದೆ. ಅದು ಒಳ್ಳೆಯ ಸೂಚನೆಯೇ. ಖಾಲಿ ಬಾಟಲಿಗೆ ನಲ್ಲಿ ನೀರು ತುಂಬಿಸಿ ಮತ್ತೆ ಮಾರುವ ವಂಚನೆಯನ್ನು ಅದು ತಡೆಯುತ್ತದೆ. ಆದರೆ ಆ ಸಾಲಿನ ವ್ಯಾಕರಣವನ್ನು ಗಮನಿಸಿ. ಆಜ್ಞೆ ನಮಗೆ, ಕ್ರಿಯೆ ನಮ್ಮದು. ಬಾಟಲಿಯನ್ನು ತಯಾರಿಸಿದವರು ಅದನ್ನು ಮುಂದೇನು ಮಾಡುತ್ತಾರೆ ಎಂಬ ಮಾತು ಅಲ್ಲಿಲ್ಲ.

ಹೊಣೆ ಹೀಗೆ ಕೈ ಬದಲಾದದ್ದು ಆಕಸ್ಮಿಕವೇ? ಅಮೆರಿಕದ ಚರಿತ್ರೆಯನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಒಮ್ಮೆ ಬಳಸಿ ಎಸೆಯುವ ಡಬ್ಬಿ ಮತ್ತು ಬಾಟಲಿಗಳು ಮೊದಲು ದೊಡ್ಡ ಪ್ರಮಾಣದಲ್ಲಿ ಬಂದದ್ದು ಅಲ್ಲಿಗೇ. ಅಲ್ಲಿನ ವರ್ಮಾಂಟ್ ರಾಜ್ಯ 1953ರಲ್ಲಿ, ಮರಳಿ ತುಂಬಲಾಗದ ಬಿಯರ್ ಬಾಟಲಿಗಳ ಮಾರಾಟವನ್ನು ನಿಷೇಧಿಸಿತು. ರಸ್ತೆಯಿಂದ ಹುಲ್ಲುಗಾವಲಿಗೆ ಎಸೆದ ಬಾಟಲಿಗಳು ದನಕರುಗಳಿಗೆ ಕಂಟಕವಾಗಿವೆ ಎಂಬುದು ರೈತರ ದೂರಾಗಿತ್ತು. ಅದೇ ವರ್ಷ ಡಬ್ಬಿ ಮತ್ತು ಬಾಟಲಿ ತಯಾರಿಸುವ ಕಂಪೆನಿಗಳು ಸೇರಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆಯನ್ನು ಕಟ್ಟಿದವು. ಅಮೆರಿಕವನ್ನು ಸುಂದರವಾಗಿಡಿ ಎಂಬ ಕರೆಯನ್ನು ಯಾರು ತಾನೆ ವಿರೋಧಿಸಿಯಾರು? ಸಮಸ್ಯೆ ಬಾಟಲಿಯಲ್ಲ, ಬಾಟಲಿಯನ್ನು ಎಲ್ಲೆಂದರಲ್ಲಿ ಎಸೆಯುವ ಶಿಸ್ತಿಲ್ಲದ ಮನುಷ್ಯ ಎಂಬುದು ಅದರ ಪ್ರಚಾರದ ತಿರುಳಾಗಿತ್ತು. ವರ್ಮಾಂಟಿನ ಆ ಕಾನೂನು ನಾಲ್ಕೇ ವರ್ಷದಲ್ಲಿ, 1957ರಲ್ಲಿ, ಕೊನೆಗೊಂಡಿತು.

ಆ ಸಂಸ್ಥೆ 1971ರಲ್ಲಿ ಹೊರತಂದ ದೂರದರ್ಶನ ಜಾಹೀರಾತು ಜಗತ್ಪ್ರಸಿದ್ಧವಾಯಿತು. ಕಸ ತುಂಬಿದ ನದಿ, ರಸ್ತೆಗಳನ್ನು ಕಂಡ ಅಮೆರಿಕದ ಮೂಲನಿವಾಸಿಯೊಬ್ಬ ಕಣ್ಣೀರು ಹಾಕುವ ದೃಶ್ಯ ಅದರಲ್ಲಿತ್ತು. ಆ ಪಾತ್ರ ಮಾಡಿದ ಐರನ್ ಐಸ್ ಕೋಡಿ ಎಂಬ ನಟ ಮೂಲನಿವಾಸಿಯೇ ಅಲ್ಲ, ಇಟಲಿಯಿಂದ ವಲಸೆ ಬಂದವರ ಮಗ ಎಂಬುದು ನಂತರ ತಿಳಿದುಬಂತು. ಮೂಲನಿವಾಸಿಗಳ ಸಂಘಟನೆಯೊಂದಕ್ಕೆ 2023ರಲ್ಲಿ ಆ ಜಾಹೀರಾತಿನ ಹಕ್ಕನ್ನು ಒಪ್ಪಿಸಲಾಯಿತು. ಆ ಸಂಘಟನೆ ಅದರ ಬಳಕೆಗೆ ತೆರೆ ಎಳೆಯಿತು. ಆದರೆ ಐವತ್ತು ವರ್ಷಗಳಲ್ಲಿ ಆ ಕಣ್ಣೀರು ತನ್ನ ಕೆಲಸ ಮಾಡಿ ಮುಗಿಸಿತ್ತು. ಕಸದ ಮಾತು ಬಂದಾಗ ತನ್ನನ್ನೇ ದೂಷಿಸಿಕೊಳ್ಳಬೇಕು ಎಂದು ಜನಸಾಮಾನ್ಯ ಕಲಿತಿದ್ದ. ಜಾಹೀರಾತು ಬಂದ ಅದೇ 1971ರಲ್ಲಿ ಆರೆಗಾನ್ ರಾಜ್ಯ ಬಾಟಲಿಗೆ ಠೇವಣಿ ಕಡ್ಡಾಯಗೊಳಿಸುವ ಕಾನೂನು ತಂದಿತು. ಇಂತಹ ಕಾನೂನುಗಳು ಬೇರೆ ರಾಜ್ಯಗಳಿಗೆ ಹಬ್ಬದಂತೆ ತಡೆಯಲು ಪಾನೀಯ ಉದ್ಯಮ ಶಕ್ತಿಮೀರಿ ಸೆಣಸಿತು. ಜನರಿಗೆ ಹೊಣೆಗಾರಿಕೆಯ ಪಾಠ ಹೇಳಿದ ಉದ್ಯಮವೇ ತನ್ನ ಹೊಣೆಯ ಮಾತು ಬಂದಾಗ ಎದುರು ನಿಂತಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಾಗಾದರೆ ಕುಡಿಯುವ ನಾವು ನಿರ್ದೋಷಿಗಳೇ? ರೈಲಿನ ಕಿಟಕಿಯಿಂದ ಬಾಟಲಿ ಎಸೆಯುವ ಕೈ ಕಂಪೆನಿಯದಲ್ಲವಲ್ಲ!

ಒಂದು ಕೆಡುಕಿಗೆ ಯಾರು ಎಷ್ಟು ಹೊಣೆ ಎಂದು ತೂಗುವಾಗ ನಾವು ಮೂರು ಸಂಗತಿಗಳನ್ನು ಕೇಳಬೇಕಾಗುತ್ತದೆ. ತೀರ್ಮಾನ ಯಾರದು? ಲಾಭ ಯಾರಿಗೆ? ಬದಲಿಸುವ ಶಕ್ತಿ ಯಾರ ಕೈಯಲ್ಲಿದೆ? ಬಾಟಲಿ ಗಾಜಿನದೋ ಪ್ಲಾಸ್ಟಿಕ್‌ನದೋ, ಅದರ ಬಣ್ಣ ಯಾವುದು, ಮುಚ್ಚಳ ಮತ್ತು ಲೇಬಲ್ ಯಾವುದರಿಂದ ಮಾಡಿದ್ದು, ಅದು ಮರಳಿ ಬರಬೇಕೇ ಬೇಡವೇ ಎಂಬ ಯಾವ ತೀರ್ಮಾನವೂ ಕುಡಿಯುವವನದಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ ಬಾಟಲಿಯೊಂದೇ ಸಿಗುವಾಗ ಆಯ್ಕೆ ಎಂಬ ಮಾತಿಗೆ ಅರ್ಥವಿಲ್ಲ. ಮೂರೂ ಪ್ರಶ್ನೆಗಳಲ್ಲಿ ತಕ್ಕಡಿ ತಯಾರಕನ ಕಡೆಗೇ ವಾಲುತ್ತದೆ. ನಮ್ಮ ಪಾಲು ಸಣ್ಣದು. ಆದರೆ ಸಣ್ಣದು ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಇಬ್ಬರು ಹಂಚಿಕೊಂಡರೆ ಇಬ್ಬರಿಗೂ ಕಡಿಮೆಯಾಗಲು ಹೊಣೆ ಎಂಬುದು ರೊಟ್ಟಿಯಲ್ಲ. ಕಂಪೆನಿಯ ದೊಡ್ಡ ತಪ್ಪು ನಮ್ಮ ಸಣ್ಣ ತಪ್ಪನ್ನು ಅಳಿಸುವುದಿಲ್ಲ. ನಮ್ಮ ಸಣ್ಣ ತಪ್ಪನ್ನು ತೋರಿಸಿ ಕಂಪೆನಿ ತನ್ನ ದೊಡ್ಡ ತಪ್ಪನ್ನು ಮರೆಮಾಚುವಂತೆಯೂ ಇಲ್ಲ.

ಈ ಇಬ್ಬರ ವಾದದ ನಡುವೆ ಮೂರನೆಯವರೊಬ್ಬರಿದ್ದಾರೆ. ಅವರ ಹೆಸರು ಈ ಚರ್ಚೆಯಲ್ಲಿ ಬರುವುದು ಕಡಿಮೆ.

ನಮ್ಮ ಸಮಾಜದಲ್ಲಿ ಉಂಡ ಎಲೆಯನ್ನು ಎತ್ತುವವರು ಯಾರು ಎಂಬುದು ಎಂದೂ ಸಣ್ಣ ಪ್ರಶ್ನೆಯಾಗಿರಲಿಲ್ಲ. ಯಾರು ಬಡಿಸುತ್ತಾರೆ, ಯಾರು ಯಾರ ಪಂಕ್ತಿಯಲ್ಲಿ ಉಣ್ಣುತ್ತಾರೆ, ಕೊನೆಗೆ ಎಂಜಲೆಲೆಯನ್ನು ಯಾರು ಎತ್ತುತ್ತಾರೆ ಎಂಬುದರಲ್ಲಿ ಇಡೀ ಊರಿನ ಮೇಲು ಕೀಳು ಬರೆದಿಟ್ಟಂತಿರುತ್ತಿತ್ತು. ಪ್ಲಾಸ್ಟಿಕ್ ಬಾಟಲಿ ಎಂಬುದು ಇಂದಿನ ಎಂಜಲೆಲೆ. ತಯಾರಿಸಿದವನಿಗೂ ಬೇಡ, ಕುಡಿದವನಿಗೂ ಬೇಡ. ಅದನ್ನು ಎತ್ತುವವರು ಗುಜರಿ ಹೆಕ್ಕುವವರು. ಬೆಳಕು ಹರಿಯುವ ಮೊದಲೇ ಹೆಗಲಿಗೆ ಚೀಲ ಹಾಕಿ ಹೊರಡುವ ಹೆಂಗಸರು, ಮಕ್ಕಳು, ದೂರದ ಬಂಗಾಳ, ಅಸ್ಸಾಮಿನಿಂದ ಬಂದು ನಗರದ ಅಂಚಿನ ಶೆಡ್ಡುಗಳಲ್ಲಿ ಬದುಕುವ ಕುಟುಂಬಗಳು. ಇವರಲ್ಲಿ ದಲಿತರು, ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ ಎಂಬುದು ಕಾಕತಾಳೀಯವಲ್ಲ.

ಒಂದು ಬಾಟಲಿಯ ದಾರಿಯನ್ನು ಹಿಂಬಾಲಿಸಿ ನೋಡೋಣ. ಹೆಕ್ಕಿದವರಿಂದ ಅದು ಬೀದಿಯ ಗುಜರಿ ಅಂಗಡಿಗೆ ಹೋಗುತ್ತದೆ. ಅಲ್ಲಿಂದ ಸಗಟು ವ್ಯಾಪಾರಿಗೆ. ಬೆಂಗಳೂರಿನ ಜಾಲಿ ಮೊಹಲ್ಲಾ ಇಂತಹ ವ್ಯಾಪಾರದ ಹಳೆಯ ಕೇಂದ್ರ; ಮೈಸೂರು ರಸ್ತೆಯ ನಾಯಂಡಹಳ್ಳಿ ಪ್ಲಾಸ್ಟಿಕ್ ಮರುಸಂಸ್ಕರಣೆಯ ಸಣ್ಣಪುಟ್ಟ ಘಟಕಗಳಿಗೆ ಹೆಸರಾದ ಜಾಗ. ಬಾಟಲಿ, ಮುಚ್ಚಳ, ಲೇಬಲ್ ಮೂರೂ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್‌ಗಳಾದ್ದರಿಂದ ಅವನ್ನು ಬೇರ್ಪಡಿಸಬೇಕು. ಬಣ್ಣದ ಬಾಟಲಿ ಬೇರೆ, ಬಣ್ಣವಿಲ್ಲದ್ದು ಬೇರೆ. ಈ ಕೆಲಸದ ಬಹುಪಾಲು ನಡೆಯುವುದು ಕೈಯಿಂದಲೇ. ಆಮೇಲೆ ಅದನ್ನು ಒತ್ತಿ ಮೂಟೆ ಕಟ್ಟಿ, ತೊಳೆದು, ಚೂರು ಮಾಡಿ, ಕರಗಿಸುತ್ತಾರೆ. ಹೀಗೆ ಬಂದದ್ದರಲ್ಲಿ ಹೆಚ್ಚಿನದು ಪಾಲಿಯೆಸ್ಟರ್ ನೂಲಾಗುತ್ತದೆ. ಬಟ್ಟೆಗೆ, ದಿಂಬಿನ ಒಳಗಿನ ಹತ್ತಿಯಂತಹ ತುಂಬುವಿಕೆಗೆ, ಜಮಖಾನೆಗೆ ಬಳಕೆಯಾಗುತ್ತದೆ.

ಭಾರತದಲ್ಲಿ ಪೆಟ್ ಬಾಟಲಿಗಳ ಸಂಗ್ರಹ ಅನೇಕ ಶ್ರೀಮಂತ ದೇಶಗಳಿಗಿಂತ ಚೆನ್ನಾಗಿದೆ ಎಂದು ಉದ್ಯಮದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಜನರ ಪರಿಸರ ಪ್ರಜ್ಞೆಯೋ, ಕಂಪೆನಿಗಳ ಕಾಳಜಿಯೋ ಇದಕ್ಕೆ ಮುಖ್ಯ ಕಾರಣವಲ್ಲ. ಕೆಲವು ರೂಪಾಯಿಗಳಿಗಾಗಿ ಒಂದು ಕಿಲೋ ಬಾಟಲಿ ಹೆಕ್ಕಲು ಸಿದ್ಧವಿರುವ ಬಡತನ ನಮ್ಮಲ್ಲಿದೆ. ಕಂಪೆನಿಯ ವರದಿಯಲ್ಲಿ ಸಾಧನೆಯಾಗಿ ಕಾಣುವ ಅಂಕಿ ಬೀದಿಯಲ್ಲಿ ಒಬ್ಬಳು ಹೆಂಗಸಿನ ಬಗ್ಗಿದ ಬೆನ್ನು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತದೆ ಗಾದೆ. ಇಲ್ಲಿ ಮಾಡಿದವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ಅವಳು ಮಾಡುವ ಕೆಲಸಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಗಾಜು ಚುಚ್ಚಿದರೆ ಔಷಧಿಯ ಖರ್ಚು ಅವಳದೇ. ಅಷ್ಟಾಗಿಯೂ ಕಳ್ಳಿ ಎಂಬ ಅನುಮಾನ, ‘ಗುಜರಿಯವರು’ ಎಂಬ ತಾತ್ಸಾರ. ನಮ್ಮ ಸಮುದಾಯದೊಳಗೂ ಗುಜರಿ ವ್ಯಾಪಾರದಲ್ಲಿ ದುಡ್ಡು ಕಂಡವರಿಗೆ ಸಿಗುವ ಗೌರವ ಗುಜರಿ ಹೆಕ್ಕುವವರಿಗೆ ಸಿಗುವುದಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಬೆಂಗಳೂರಿನಲ್ಲಿ ಲೋಕ ಅದಾಲತ್ತಿನ ಮಧ್ಯಪ್ರವೇಶದ ಫಲವಾಗಿ 2011ರಲ್ಲಿ ಮಹಾನಗರ ಪಾಲಿಕೆ ಇವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ‘ಹಸಿರು ದಳ’ದಂತಹ ಸಂಘಟನೆ ಅದಕ್ಕಾಗಿ ಶ್ರಮಿಸಿತು. ಊರನ್ನು ಶುಚಿಯಾಗಿಡುವವರು ಆ ಊರಿನವರೇ ಎಂದು ಸಾಬೀತುಪಡಿಸಲು ಒಂದು ಚೀಟಿ ಬೇಕಾಯಿತು.

ಇನ್ನು ಮಾತಿನ ಗೊಂದಲ. ಕನ್ನಡದಲ್ಲಿ ನಾವು ‘ಮರುಬಳಕೆ’ ಎಂಬ ಒಂದೇ ಪದವನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಬಾಟಲಿಯನ್ನು ತೊಳೆದು ಮತ್ತೆ ತುಂಬುವುದೂ ಮರುಬಳಕೆ. ಬಾಟಲಿಯನ್ನು ಚೂರು ಮಾಡಿ, ಕರಗಿಸಿ, ಬೇರೊಂದು ವಸ್ತು ಮಾಡುವುದೂ ಮರುಬಳಕೆ. ಮೊದಲನೆಯದರಲ್ಲಿ ಬಾಟಲಿ ಬಾಟಲಿಯಾಗಿಯೇ ಉಳಿಯುತ್ತದೆ. ಎರಡನೆಯದರಲ್ಲಿ ಅದು ಸತ್ತು ಇನ್ನೊಂದಾಗಿ ಹುಟ್ಟುತ್ತದೆ, ಬಹುತೇಕ ಮೊದಲಿಗಿಂತ ಕೆಳದರ್ಜೆಯದಾಗಿ. ಪಾಲಿಯೆಸ್ಟರ್ ಅಂಗಿಯಾದ ಬಾಟಲಿ ಸಾಮಾನ್ಯವಾಗಿ ಮತ್ತೆ ಬಾಟಲಿಯಾಗಿ ಮರಳುವುದಿಲ್ಲ. ಅಂಗಿ ಹರಿದ ಮೇಲೆ ಅದು ಕಸವೇ. ಅಂದರೆ ಆ ಬಾಟಲಿಯ ಜಾಗದಲ್ಲಿ ಇನ್ನೊಂದು ಹೊಸ ಬಾಟಲಿಯನ್ನು ಮತ್ತೆ ಪೆಟ್ರೋಲಿಯಂನಿಂದಲೇ ಮಾಡಬೇಕು. ಲೇಬಲ್ ಮೇಲಿನ ಮೂರು ಬಾಣಗಳ ಚಿಹ್ನೆ ನೋಡಿ ನಮ್ಮ ಮನಸ್ಸಿಗಾಗುವ ಸಮಾಧಾನ ಈ ವ್ಯತ್ಯಾಸವನ್ನು ಮರೆಸುತ್ತದೆ.

ಹಾಗೆಂದು ಗಾಜು ಪುಣ್ಯ, ಪ್ಲಾಸ್ಟಿಕ್ ಪಾಪ ಎಂದು ತೀರ್ಪು ಕೊಡುವುದೂ ಸರಿಯಲ್ಲ. ಗಾಜು ಭಾರ. ಅದನ್ನು ಕರಗಿಸಲು ಸಾವಿರ ಡಿಗ್ರಿಗೂ ಮೀರಿದ ಶಾಖ ಬೇಕು. ಗಾಜಿನ ಬಾಟಲಿಯನ್ನು ಒಮ್ಮೆ ಬಳಸಿ ಎಸೆದರೆ ಅದಕ್ಕೆ ತಗಲಿದ ಇಂಧನ ಪ್ಲಾಸ್ಟಿಕ್ ಬಾಟಲಿಗಿಂತ ಹೆಚ್ಚು. ಅದೇ ಬಾಟಲಿ ಹತ್ತಿರದ ಕಾರ್ಖಾನೆಗೆ ಇಪ್ಪತ್ತು, ಮೂವತ್ತು ಸಲ ಮರಳಿ ತುಂಬಿಸಿಕೊಂಡರೆ ಲೆಕ್ಕ ತಿರುಗಿ ಬೀಳುತ್ತದೆ. ಹಳೆಯ ಅಲ್ಯೂಮಿನಿಯಂ ಡಬ್ಬಿಯನ್ನು ಕರಗಿಸಿ ಲೋಹ ಪಡೆದರೆ ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕಿಂತ ಸುಮಾರು ಶೇ. 95ರಷ್ಟು ಶಕ್ತಿ ಉಳಿಯುತ್ತದೆ, ಆದರೆ ಡಬ್ಬಿ ಮರಳಿ ಬಂದರೆ ಮಾತ್ರ. ರಸದ ಪೊಟ್ಟಣದ ಮುಕ್ಕಾಲು ಪಾಲು ಕಾಗದವೇ ಆದರೂ ಉಳಿದ ಪದರಗಳನ್ನು ಬಿಡಿಸುವ ಘಟಕಗಳು ವಿರಳ. ಹೀಗೆ ನೋಡುತ್ತ ಹೋದರೆ ಎಲ್ಲದರ ಒಳಿತು ಕೆಡುಕುಗಳು ನಿಂತಿರುವುದು ‘ಮರಳಿ ಬಂದರೆ’ ಎಂಬ ಒಂದು ಮಾತಿನ ಮೇಲೆ. ಯಾವ ವಸ್ತುವಿನಿಂದ ಮಾಡಿದ್ದು ಎಂಬ ಪ್ರಶ್ನೆಗಿಂತ, ಯಾರು ಮರಳಿ ಪಡೆಯುತ್ತಾರೆ ಎಂಬ ಪ್ರಶ್ನೆ ದೊಡ್ಡದು. ಬಾಟಲಿಯ ಸಮಸ್ಯೆಯನ್ನು ರಸಾಯನಶಾಸ್ತ್ರಕ್ಕೆ ಒಪ್ಪಿಸಿ ನಾವು ನಿಶ್ಚಿಂತರಾಗುವಂತಿಲ್ಲ. ಅದು ಮೂಲದಲ್ಲಿ ಸಂಬಂಧದ ಸಮಸ್ಯೆ.

ಇದನ್ನು ನಮ್ಮ ಕಾನೂನು ಅರ್ಥ ಮಾಡಿಕೊಂಡಿಲ್ಲವೆಂದಲ್ಲ. ಪ್ಲಾಸ್ಟಿಕ್ ತ್ಯಾಜ್ಯದ ಹೊಣೆ ಉತ್ಪಾದಕರದು ಎಂಬ ತತ್ವ 2011ರ ಮತ್ತು 2016ರ ನಿಯಮಗಳಲ್ಲೇ ಇತ್ತು. ಅದಕ್ಕೊಂದು ಸ್ಪಷ್ಟ ರೂಪ ಕೊಟ್ಟದ್ದು 2022ರ ಮಾರ್ಗಸೂಚಿ. ಬಾಟಲಿಯಂತಹ ಗಟ್ಟಿ ಪ್ಲಾಸ್ಟಿಕ್‌ನಲ್ಲಿ 2025-26ರಿಂದ ಶೇ. 30ರಷ್ಟು ಮರುಸಂಸ್ಕರಿಸಿದ ಪ್ಲಾಸ್ಟಿಕ್ ಇರಬೇಕು, ವರ್ಷಕ್ಕೆ ಹತ್ತರಂತೆ ಏರಿ 2028-29ಕ್ಕೆ ಅದು ಶೇ. 60 ಆಗಬೇಕು ಎಂದು ಅದು ಗುರಿ ಇಟ್ಟಿತು. ಆಹಾರದ ಪೊಟ್ಟಣಗಳಿಗೆ ಮರುಸಂಸ್ಕರಿಸಿದ ಪೆಟ್ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರವೂ ಅದೇ ವರ್ಷ ಒಪ್ಪಿತು. ಇವೆಲ್ಲ ಸ್ವಾಗತಾರ್ಹ. ಆದರೆ ಹೊಣೆ ನಿಭಾಯಿಸಿದ್ದಕ್ಕೆ ಸಾಕ್ಷಿಯಾಗಿ ಕಂಪೆನಿ ತೋರಿಸಬೇಕಾದದ್ದು ತನ್ನ ಬಾಟಲಿಯನ್ನಲ್ಲ, ಒಂದು ಪ್ರಮಾಣಪತ್ರವನ್ನು. ಎಲ್ಲೋ ಒಂದು ಘಟಕ ಇಷ್ಟು ಟನ್ ಪ್ಲಾಸ್ಟಿಕ್ ಸಂಸ್ಕರಿಸಿದೆ ಎಂಬ ಆ ಪತ್ರವನ್ನು ಹಣ ಕೊಟ್ಟು ಕೊಳ್ಳಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2023ರಲ್ಲಿ ಪರಿಶೀಲಿಸಿದಾಗ ಲಕ್ಷಗಟ್ಟಲೆ ಪ್ರಮಾಣಪತ್ರಗಳು ಸುಳ್ಳೆಂದು ಬಯಲಾಯಿತು. ಅವನ್ನು ಸೃಷ್ಟಿಸಿದವರಲ್ಲಿ ಗುಜರಾತ್, ಮಹಾರಾಷ್ಟ್ರಗಳ ಜೊತೆ ನಮ್ಮ ಕರ್ನಾಟಕದ ಘಟಕವೂ ಇತ್ತು. ಬಾಟಲಿ ಬೀದಿಯಲ್ಲೇ ಇತ್ತು, ಕಾಗದ ಮಾತ್ರ ಮರಳಿ ಬಂದಿತ್ತು!

ಸ್ವಯಂಪ್ರೇರಿತ ವಾಗ್ದಾನಗಳ ಕತೆಯೂ ಇದಕ್ಕಿಂತ ಬೇರೆಯಲ್ಲ. ತಾನು ಮಾರುವ ಪ್ರತಿ ಬಾಟಲಿ, ಡಬ್ಬಿಗೆ ಸಮನಾಗಿ ಒಂದನ್ನು 2030ರೊಳಗೆ ಸಂಗ್ರಹಿಸುವುದಾಗಿ ಕೋಕಾಕೋಲಾ ಕಂಪೆನಿ 2018ರಲ್ಲಿ ಘೋಷಿಸಿತ್ತು. ತನ್ನ ಪಾನೀಯಗಳಲ್ಲಿ ಕಾಲು ಭಾಗವನ್ನು ಮರಳಿ ತುಂಬುವ ಅಥವಾ ಮರಳಿಸುವ ವ್ಯವಸ್ಥೆಯಲ್ಲಿ ಕೊಡುವುದಾಗಿ 2022ರಲ್ಲಿ ಹೇಳಿತು. 2024ರ ಡಿಸೆಂಬರಿನಲ್ಲಿ ಗುರಿಗಳನ್ನು ಪರಿಷ್ಕರಿಸಿ, ಸಂಗ್ರಹದ ಗುರಿಯನ್ನು ಶೇ. 70ರಿಂದ 75ಕ್ಕೆ ಇಳಿಸಿ ಗಡುವನ್ನು 2035ಕ್ಕೆ ಮುಂದೂಡಿತು. ಮರಳಿ ತುಂಬುವ ಗುರಿ ಆ ಪಟ್ಟಿಯಲ್ಲಿ ಕಾಣಲಿಲ್ಲ. ತನಗೆ ತಾನೇ ಕೊಟ್ಟುಕೊಂಡ ಮಾತಿನಿಂದ ತನ್ನನ್ನು ತಾನೇ ಬಿಡಿಸಿಕೊಳ್ಳಬಹುದು. ಇನ್ನೊಬ್ಬರ ಹಣ ತನ್ನ ಬಳಿ ಇರುವಾಗ ಅದು ಅಷ್ಟು ಸುಲಭವಲ್ಲ.

ಠೇವಣಿಯ ಮಹತ್ವ ಇರುವುದು ಇಲ್ಲಿ. ‘ಅಮಾನತ್’ ಎಂಬ ಅರಬಿ ಮೂಲದ ಪದ ಕನ್ನಡಕ್ಕೂ ಬಂದಿದೆ. ಕಚೇರಿಯ ಭಾಷೆಯಲ್ಲಿ ಅದು ನೌಕರರನ್ನು ಕೆಲಸದಿಂದ ತಡೆಹಿಡಿಯುವ ಅರ್ಥಕ್ಕೆ ಇಳಿದುಬಿಟ್ಟಿದ್ದರೂ ಅದರ ಹಳೆಯ ಅರ್ಥ, ನಂಬಿ ಒಪ್ಪಿಸಿಟ್ಟ ವಸ್ತು ಎಂದು. ಮುಸ್ಲಿಮರ ಮನೆಮಾತಿನಲ್ಲಿ ಆ ಅರ್ಥ ಇನ್ನೂ ಜೀವಂತವಾಗಿದೆ. ಅಮಾನತ್ ನಮ್ಮ ಕೈಯಲ್ಲಿರುತ್ತದೆ, ಆದರೆ ನಮ್ಮದಲ್ಲ. ಇದ್ದ ಹಾಗೆಯೇ ಮರಳಿಸಬೇಕು. ಠೇವಣಿ ಪದ್ಧತಿಯಲ್ಲಿ ಎರಡು ಅಮಾನತ್ತುಗಳು ಎದುರುಬದುರಾಗಿ ನಿಲ್ಲುತ್ತವೆ. ಅವರ ಬಾಟಲಿ ನಮ್ಮ ಬಳಿ, ನಮ್ಮ ಹಣ ಅವರ ಬಳಿ. ಮಾರಾಟದಿಂದ ಕಡಿದುಹೋದ ಸಂಬಂಧ ಹೀಗೆ ಮತ್ತೆ ಕೂಡುತ್ತದೆ.

ನಾರ್ವೆ ದೇಶ 1999ರಿಂದ ಇಂತಹ ವ್ಯವಸ್ಥೆಯನ್ನು ನಡೆಸುತ್ತಿದೆ. ಅಲ್ಲಿ ಪಾನೀಯದ ಬಾಟಲಿಗಳ ಮೇಲೆ ಪರಿಸರ ತೆರಿಗೆಯಿದೆ. ಬಾಟಲಿಗಳು ಹೆಚ್ಚು ಹೆಚ್ಚು ಮರಳಿದಂತೆ ತೆರಿಗೆ ಇಳಿಯುತ್ತದೆ, ಶೇ. 95 ಮುಟ್ಟಿದರೆ ಆ ತೆರಿಗೆ ಪೂರ್ತಿ ಮಾಫಿ. ಉದ್ಯಮದ ಲಾಭವನ್ನೇ ಒಳ್ಳೆಯ ಕೆಲಸಕ್ಕೆ ಕಟ್ಟಿಹಾಕುವ ಉಪಾಯವಿದು. ಜರ್ಮನಿಯಲ್ಲಿ ಒಮ್ಮೆ ಬಳಸುವ ಬಾಟಲಿ, ಡಬ್ಬಿಗಳಿಗೂ 2003ರಿಂದ 25 ಸೆಂಟ್ ಠೇವಣಿಯಿದೆ. ನಮ್ಮ ನೆರೆಯಲ್ಲೇ ಇನ್ನೊಂದು ಉದಾಹರಣೆಯಿದೆ. ನೀಲಗಿರಿಯ ಕಾಡಿನಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆಗಳ ಪಾದಕ್ಕೆ ಚುಚ್ಚುತ್ತಿದ್ದುದು ಮದ್ರಾಸ್ ಹೈಕೋರ್ಟಿನ ಗಮನಕ್ಕೆ ಬಂತು. ನ್ಯಾಯಾಲಯದ ಒತ್ತಾಯದಿಂದ ತಮಿಳುನಾಡು ಸರಕಾರದ ಮದ್ಯದಂಗಡಿಗಳು 2022ರ ಮೇ ತಿಂಗಳಿನಿಂದ ನೀಲಗಿರಿ ಜಿಲ್ಲೆಯಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಹಿಂದಿರುಗಿಸತೊಡಗಿದವು. ಬಾಟಲಿಗಳಲ್ಲಿ ಬಹುಪಾಲು ಮರಳಿ ಬಂದವು. ಯೋಜನೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಮದ್ಯದ ಬಗ್ಗೆ ನಮ್ಮ ನಿಲುವು ಏನೇ ಇರಲಿ, ಈ ಪಾಠವನ್ನು ಕಡೆಗಣಿಸಬೇಕಿಲ್ಲ. ಯಾವ ಉಪದೇಶಕ್ಕೂ ಬಗ್ಗದವರನ್ನು ಹತ್ತು ರೂಪಾಯಿಯ ಅಮಾನತ್ ಬಗ್ಗಿಸಿತು. ನೀರು, ಹಣ್ಣಿನ ರಸ ಮಾರುವವರಿಗೆ ಇದು ಅಸಾಧ್ಯ ಎನ್ನಲು ಯಾವ ಕಾರಣವಿದೆ?

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಇಕ್ಕಟ್ಟಾದ ಗೂಡಂಗಡಿಯವನು ನೂರಾರು ಖಾಲಿ ಬಾಟಲಿಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು? ನೀಲಗಿರಿಯಲ್ಲೂ ಮದ್ಯದಂಗಡಿಯ ನೌಕರರ ಮೇಲೆ ಕೆಲಸದ ಹೊರೆ ಬಿದ್ದಿತ್ತು. ಹೊಣೆ ಕಂಪೆನಿಯಿಂದ ಅಂಗಡಿಯವನ ತಲೆಗೆ ಜಾರಿದರೆ ಅದೂ ಅನ್ಯಾಯವೇ. ಅವನ ಶ್ರಮಕ್ಕೆ ಕಂಪೆನಿ ಹಣ ತೆರಬೇಕು. ಇನ್ನೂ ಗಂಭೀರವಾದ ಆಕ್ಷೇಪ ಗುಜರಿ ಹೆಕ್ಕುವವರದು. ಬೆಲೆಬಾಳುವ ಬಾಟಲಿಗಳೆಲ್ಲ ಕುಡಿದವರ ಕೈಯಿಂದಲೇ ಅಂಗಡಿಗೆ ಮರಳಿದರೆ ಅವರ ಚೀಲಕ್ಕೆ ಉಳಿಯುವುದೇನು? ಬಡವರ ಬೆನ್ನ ಮೇಲೆ ನಿಂತ ವ್ಯವಸ್ಥೆಯನ್ನು ಸರಿಪಡಿಸಲು ಹೊರಟು ಅವರ ಅನ್ನವನ್ನೇ ಕಿತ್ತುಕೊಂಡರೆ ಅದು ಯಾವ ನ್ಯಾಯ?

ಜರ್ಮನಿಯಲ್ಲಿ ಠೇವಣಿಯ ಬಾಟಲಿಗಳನ್ನು ಹುಡುಕಿ ಬದುಕುವ ಬಡವರು, ವೃದ್ಧರು ಇದ್ದಾರೆ. ಅವರು ಕಸದ ತೊಟ್ಟಿಗೆ ಕೈಹಾಕುವಂತಾಗಬಾರದೆಂದು ಬಾಟಲಿಯನ್ನು ತೊಟ್ಟಿಯ ಒಳಗಲ್ಲ, ಪಕ್ಕದಲ್ಲಿ ಇಡಿ ಎಂಬ ಅಭಿಯಾನವೇ ಅಲ್ಲಿ ನಡೆದಿದೆ. ಅದು ಕರುಣೆ, ಒಳ್ಳೆಯದೇ. ಆದರೆ ಕರುಣೆ ನ್ಯಾಯಕ್ಕೆ ಬದಲಿಯಾಗಲಾರದು. ನಮ್ಮಲ್ಲಿ ಠೇವಣಿ ಪದ್ಧತಿ ಬಂದರೆ ಮರಳಿ ಪಡೆಯುವ ಕೇಂದ್ರಗಳನ್ನು ಇಂದು ಬಾಟಲಿ ಹೆಕ್ಕುತ್ತಿರುವವರ ಸಹಕಾರ ಸಂಘಗಳಿಗೇ ವಹಿಸಬೇಕು. ಪ್ರತಿ ಬಾಟಲಿಯ ನಿರ್ವಹಣೆಗೆ ಕಂಪೆನಿ ತೆರುವ ಹಣ ಕೂಲಿಯಾಗಿ ಅವರಿಗೆ ಸೇರಬೇಕು. ಯಾರೂ ಕೇಳದೆ ಇದ್ದಾಗ ಆ ಕೆಲಸ ಮಾಡಿದವರಿಗೆ, ಅದಕ್ಕೆ ಬೆಲೆ ಬಂದಾಗ ಮೊದಲ ಹಕ್ಕಿರಬೇಕು. ಅದಿಲ್ಲದ ಠೇವಣಿ ಪದ್ಧತಿಯನ್ನು ನಾವು ಬೆಂಬಲಿಸಲಾಗದು.

ಕೊನೆಗೆ ನಮ್ಮ ಸಣ್ಣ ಪಾಲಿನ ಮಾತು. ಮದುವೆ, ವಲೀಮಾ, ಇಫ್ತಾರ್, ಗೃಹಪ್ರವೇಶ, ಸಭೆ ಸಮಾರಂಭ ಯಾವುದೇ ಇರಲಿ, ಎಲೆಯ ಪಕ್ಕಕ್ಕೊಂದು ಪುಟ್ಟ ನೀರಿನ ಬಾಟಲಿ ಇಡುವುದು ಮರ್ಯಾದೆಯ ಗುರುತಾಗಿಬಿಟ್ಟಿದೆ. ನಾಲ್ಕು ಗುಟುಕು ಕುಡಿದು ಬಿಟ್ಟುಹೋದ ನೂರಾರು ಬಾಟಲಿಗಳಲ್ಲಿ ನೀರೂ ಹಾಳು, ಬಾಟಲಿಯೂ ಹಾಳು. ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರೆ ಅತಿಥಿಗೆ ಅವಮಾನ ಎಂದು ನಮಗೆ ಕಲಿಸಿದವರು ಯಾರು? ಲೋಟ ತೊಳೆಯಲು ಜನ ಬೇಕು, ಖರ್ಚಾಗುತ್ತದೆ ಎಂಬುದು ನಿಜ. ಆದರೆ ತೊಳೆಯುವವರಿಗೆ ಕೂಲಿ ಸಿಗುತ್ತದೆ, ಹೆಕ್ಕುವವರಿಗೆ ಸಿಗುವುದಿಲ್ಲ. ಇದರಿಂದ ಪಾನೀಯ ಉದ್ಯಮ ಬದಲಾಗಿಬಿಡುತ್ತದೆ ಎಂಬ ಭ್ರಮೆ ಬೇಡ. ನಾವು ಉಂಡ ಎಲೆಯನ್ನು ನಾವು ನೋಡಿಕೊಂಡ ಮೇಲೆ, ನಿಮ್ಮ ಬಾಟಲಿಯನ್ನು ನೀವು ಏಕೆ ಒಯ್ಯುತ್ತಿಲ್ಲ ಎಂದು ಕೇಳುವ ನಮ್ಮ ದನಿಗೆ ತುಸು ಬಲ ಬರುತ್ತದೆ.

ಆ ಪ್ರಶ್ನೆಯನ್ನು ನಾವು ಕೇಳಲೇಬೇಕು. ಅಂಗಡಿಯಲ್ಲಿ, ಪಂಚಾಯತಿಯಲ್ಲಿ, ಪಾಲಿಕೆಯಲ್ಲಿ, ಮತ ಕೇಳಲು ಬಂದವರ ಮುಂದೆ. ಲಾಭವನ್ನು ತಮ್ಮದಾಗಿಸಿಕೊಂಡು ಕಸವನ್ನು ಊರಿನದಾಗಿಸುವ ವ್ಯಾಪಾರವನ್ನು ನಮ್ಮ ಅಜ್ಜಂದಿರ ಕಾಲದ ಸೋಡ ಮಾರುವವನು ಮಾಡಲಿಲ್ಲ. ಅವನಿಗಿಂತ ಸಾವಿರಪಟ್ಟು ದೊಡ್ಡವರಾದವರಿಗೆ ಆ ರಿಯಾಯಿತಿಯನ್ನು ನಾವೇಕೆ ಕೊಡಬೇಕು?